“ನಿಮಗೇನಾದರೂ ಕಚ್ಚಿತೇ?” ಎಂಬ ಒಂದೇ ಪ್ರಶ್ನೆ ಸಾಲದು: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಕಲಬುರಗಿಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಅವರ ಅಧ್ಯಕ್ಷತೆಯ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ, ಹಾಗೂ ಈ ಊರಿನಲ್ಲಿ ನಾಯಿ ಸಾಕಿರುವ ಎಲ್ಲ ಮನೆಯವರಿಗೆ

ವಿಷಯ: ಸಾಕುನಾಯಿಯೊಂದು ನೆರೆಮನೆಯ ಸಾಕುನಾಯಿಯನ್ನು ಕಚ್ಚಿ ಗಾಯಗೊಳಿಸಿದಾಗ ಮಾಲೀಕರ ಹೊಣೆಯನ್ನು ದಾಖಲಿಸುವ ಕುರಿತು.

ಮಾನ್ಯರೇ,

ನಾನು ಮೂವತ್ತೊಂದು ವರ್ಷ ನ್ಯಾಯಾಲಯದ ಕಚೇರಿಯಲ್ಲಿ ದುಡಿದು, ಶಿರಸ್ತೇದಾರನಾಗಿ ನಿವೃತ್ತನಾದವನು. ಅಷ್ಟೂ ವರ್ಷ ಬೇರೆಯವರ ಅರ್ಜಿಗಳಿಗೆ ನಂಬರು ಹಾಕಿ, ಸೀಲು ಒತ್ತಿ, ಕಡತಕ್ಕೆ ಸೇರಿಸಿದೆನೇ ಹೊರತು ನನ್ನದೇ ಒಂದು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಪ್ರಸಂಗ ಬಂದಿರಲಿಲ್ಲ. ಕಳೆದ ಮೇ ತಿಂಗಳಲ್ಲಿ ಅದು ಬಂತು. ಅರ್ಜಿಯನ್ನು ಯಾರೂ ತೆಗೆದುಕೊಳ್ಳದ ಕಾರಣ ಅದೇ ವಿಷಯವನ್ನು ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಸೇಡಂ ರಸ್ತೆಯ ಕಡೆಯ ಒಂದು ಬಡಾವಣೆಯಲ್ಲಿ ನಮ್ಮ ಮನೆಯಿದೆ. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲು ಏಳು ಗಂಟೆಗೇ ಚುರುಗುಟ್ಟುವುದು ತಮಗೆ ಗೊತ್ತೇ ಇದೆ, ಆದ್ದರಿಂದ ನಾನು ನಮ್ಮ ಚಿನ್ನಿಯನ್ನು ಐದೂವರೆಗೆಲ್ಲ ಅಡ್ಡಾಡಿಸಿಕೊಂಡು ಬರುತ್ತೇನೆ. ಚಿನ್ನಿ ಜಾತಿನಾಯಿಯಲ್ಲ. ಏಳು ವರ್ಷದ ಹಿಂದೆ ಮಳೆಗಾಲದಲ್ಲಿ ಸೂಪರ್ ಮಾರ್ಕೆಟ್ ಬಳಿಯ ಗಟಾರದಿಂದ ನನ್ನ ಮಗಳು ಎತ್ತಿಕೊಂಡು ಬಂದ ಊರನಾಯಿಯ ಮರಿ. ಹಾಲಿನಲ್ಲಿ ಹಿಚುಕಿದ ಜೋಳದ ರೊಟ್ಟಿ ತಿಂದು ಬೆಳೆದದ್ದು, ತೂಕ ಹನ್ನೊಂದು ಕಿಲೊ. ಅಂದು ಬೆಳಿಗ್ಗೆ ಅದರ ಕೊರಳಲ್ಲಿ ಬೆಲ್ಟು ಇತ್ತು, ಬೆಲ್ಟಿನ ಹಗ್ಗ ನನ್ನ ಬಲಗೈಗೆ ಸುತ್ತಿಕೊಂಡಿತ್ತು. ಈ ಎರಡು ಸಂಗತಿಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ವಾದವೆಲ್ಲ ಅವುಗಳ ಮೇಲೆಯೇ ನಿಂತಿದೆ.

ನಮ್ಮಿಂದ ಮೂರನೆಯ ಮನೆಯವರು ವಿದೇಶಿ ತಳಿಯ ದೊಡ್ಡ ನಾಯಿಯೊಂದನ್ನು ಸಾಕಿದ್ದಾರೆ. ಅವರ ತಗಡಿನ ಗೇಟಿನ ಚಿಲಕ ಬಾಗಿ, ಕೊಂಡಿಗೆ ಕೂರುವುದಿಲ್ಲವಾಗಿ, ತಿಂಗಳುಗಟ್ಟಲೆ ಅದನ್ನು ಹಸಿರು ನೈಲಾನ್ ದಾರದಿಂದ ಕಟ್ಟಿಟ್ಟಿದ್ದರು. ಅದೇ ದಾರ ಅಂದು ಬಿಚ್ಚಿತ್ತೋ ಹರಿದಿತ್ತೋ ಹೇಳಲಾರೆ. ನಾಯಿ ಗೇಟು ತಳ್ಳಿಕೊಂಡು ಬಂದು, ಬೊಗಳದೆ, ನೇರವಾಗಿ ಚಿನ್ನಿಯ ಮುಂಗಾಲಿನ ಮೇಲ್ಭಾಗಕ್ಕೆ ಬಾಯಿ ಹಾಕಿ ಝಾಡಿಸತೊಡಗಿತು. ನಾನು ಹಗ್ಗ ಎಳೆದೆ, ಕೂಗಿದೆ, ಮಾಲೀಕರ ಹೆಸರು ಹಿಡಿದೇ ಕೂಗಿದೆ. ಅವರು ಮೇಲಿನ ಗ್ಯಾಲರಿಯಲ್ಲಿ ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಿಂತಿದ್ದರು. ಅಲ್ಲಿಂದಲೇ ಎರಡು ಸಲ ನಾಯಿಯ ಹೆಸರು ಕರೆದರು. ಮೆಟ್ಟಿಲಿಳಿದು ಬರಲಿಲ್ಲ. ಕಡೆಗೆ ಎದುರು ಮನೆಯ ತಾಯಿಯೊಬ್ಬರು ಅಂಗಳಕ್ಕೆ ಚಿಮುಕಿಸಲು ಇಟ್ಟುಕೊಂಡಿದ್ದ ಕೊಡದ ನೀರನ್ನು ಪೂರ್ತಿಯಾಗಿ ಆ ನಾಯಿಯ ಮುಖಕ್ಕೆ ಎರಚಿದಾಗ ಅದು ಬಾಯಿ ಬಿಟ್ಟಿತು.

ಚಿನ್ನಿಗೆ ಹದಿನಾಲ್ಕು ಹೊಲಿಗೆಗಳು ಬಿದ್ದವು. ಕಾಲಿನ ನರಕ್ಕೆ ಪೆಟ್ಟಾಗಿದೆಯೆಂದು ಇಲ್ಲಿನ ಪಶುವೈದ್ಯರು ಶಂಕಿಸಿದ್ದರಿಂದ ಬಾಡಿಗೆ ಕಾರಿನಲ್ಲಿ ಬೀದರಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಎರಡು ಸಲ ಕರೆದೊಯ್ದೆ. ಔಷಧ, ಎಕ್ಸ್‌ರೇ, ಬಾಡಿಗೆ ಎಲ್ಲ ಸೇರಿ 11,640 ರೂಪಾಯಿ ಆಯಿತು. ಜೀವ ಉಳಿಯಿತು, ಆದರೆ ಇವತ್ತಿಗೂ ಅದು ಮೂರು ಕಾಲ ಮೇಲೆ ಭಾರ ಹಾಕಿ, ನಾಲ್ಕನೆಯದನ್ನು ನೆಲಕ್ಕೆ ಮುಟ್ಟಿಸಿಯೂ ಮುಟ್ಟಿಸದಂತೆ ನಡೆಯುತ್ತದೆ.

ಇನ್ನು ಲಸಿಕೆಯ ಮಾತು. ಕಚ್ಚಿದ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದರೆ ಆ ಚೀಟಿಯನ್ನು ತೋರಿಸಿರೆಂದು ಮಾತ್ರ ಅಂದು ಸಂಜೆ ನೆರೆಯವರನ್ನು ಕೇಳಿಕೊಂಡೆ. “ನಾಯಿ ಅಂದ ಮ್ಯಾಲ ಕಡೀತಾವ್ರಿ ಸರ, ನಿಮ್ಮದೂ ಬೊಗಳಿರಬೇಕು” ಎಂದು ಬಾಗಿಲು ಹಾಕಿಕೊಂಡರು. ಚೀಟಿ ಬರಲಿಲ್ಲ. ಹೀಗಾಗಿ ಚಿನ್ನಿಗೆ ಕಚ್ಚಿದ ದಿನ ಒಂದು, ಅಲ್ಲಿಂದ ಲೆಕ್ಕ ಹಿಡಿದು 3, 7, 14 ಮತ್ತು 28ನೆಯ ದಿನಗಳಲ್ಲಿ ಒಂದೊಂದು, ಹೀಗೆ ಐದು ಚುಚ್ಚುಮದ್ದು ಹಾಕಿಸಬೇಕಾಯಿತು. ನನಗೂ ಬಿಡಲಿಲ್ಲ. ಹಗ್ಗ ಉಜ್ಜಿ ನನ್ನ ಅಂಗೈಯ ಚರ್ಮ ಕಿತ್ತುಹೋಗಿತ್ತು, ಗಾಯ ತೊಳೆಯುವಾಗ ಜೊಲ್ಲು ಅದಕ್ಕೆ ತಗುಲಿತ್ತು. ಕಿತ್ತ ಚರ್ಮಕ್ಕೆ ನಾಯಿಯ ಜೊಲ್ಲು ತಗುಲಿದರೆ ಅದನ್ನು ಕಡಿತದಷ್ಟೇ ಗಂಭೀರವಾಗಿ ನೋಡಬೇಕೆಂದು ಹೇಳಿ ವೈದ್ಯರು ನನಗೂ ಚುಚ್ಚಿದರು.

ಠಾಣೆಗೆ ಹೋದೆ. ಯಾವ ಠಾಣೆಯೆಂದು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಬೇರೆ ಯಾವ ಠಾಣೆಗೆ ಹೋಗಿದ್ದರೂ ಇದೇ ಮಾತು ಕೇಳುತ್ತಿದ್ದೆನೇನೋ ಎಂಬ ಅನುಮಾನ ನನಗಿದೆ. ಅಲ್ಲಿದ್ದವರು ಕುರ್ಚಿ ಕೊಟ್ಟು, ನೀರು ಕೊಟ್ಟು, ಸೌಜನ್ಯದಿಂದಲೇ ಕೇಳಿದರು: “ನಿಮಗೇನರ ಕಡದದೇನ್ರಿ?” ಇಲ್ಲವೆಂದೆ. “ಮತ್ತ ಕೇಸ್ ಹ್ಯಾಂಗ ಆಗ್ತದ್ರಿ? ನಾಯಿ ನಾಯಿ ಜಗಳಕ್ಕ ನಾವೇನ್ ಮಾಡೂದು?” ಅರ್ಜಿಯನ್ನು ಓದಿ ವಾಪಸು ಕೈಗಿತ್ತರು. ಸ್ವೀಕೃತಿ ಕೊಡಿ ಎಂದರೆ ನಕ್ಕರು. ಅಲ್ಲಿಂದ ಇನ್ನೊಂದು ಕಚೇರಿಗೆ ಹೋದರೆ ಅಲ್ಲಿ ಬೀದಿನಾಯಿಯಾದರೆ ಹಿಡಿಸುವುದಾಗಿಯೂ ಮನೆನಾಯಿಯ ಗೊಡವೆ ತಮ್ಮದಲ್ಲವೆಂದೂ ಹೇಳಿದರು. ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಕೇಳಿದ ನನ್ನ ಹೆಂಡತಿ, “ನಿಮ್ಮ ಕೈನೇ ಅದರ ಬಾಯಾಗ ಕೊಟ್ಟಿದ್ರ ಕೇಸ್ ಆಗ್ತಿತ್ತೇನೋ” ಎಂದಳು. ತಮಾಷೆಗೆ ಆಡಿದ ಮಾತಾದರೂ ನಮ್ಮ ವ್ಯವಸ್ಥೆಯ ಸ್ಥಿತಿಯನ್ನು ಅದಕ್ಕಿಂತ ಚುಟುಕಾಗಿ ಹೇಳಲು ನನಗೆ ಸಾಧ್ಯವಿಲ್ಲ.

ಮಾನ್ಯರೇ, ನನ್ನ ದೂರು ಇರುವುದೇ ಆ ಒಂದು ಪ್ರಶ್ನೆಯ ಬಗ್ಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಏನು ಹೇಳುತ್ತದೆಂದು ನೋಡೋಣ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಒದಗಬಹುದಾದ ಅಪಾಯವನ್ನು, ಅಥವಾ ಆಗಬಹುದಾದ ಘೋರ ಗಾಯವನ್ನು ತಡೆಯಲು ಸಾಕಾಗುವಷ್ಟು ಎಚ್ಚರಿಕೆಯನ್ನು ಗೊತ್ತಿದ್ದೂ ಅಥವಾ ನಿರ್ಲಕ್ಷ್ಯದಿಂದ ವಹಿಸದವರಿಗೆ ಆರು ತಿಂಗಳವರೆಗಿನ ಸಜೆ, ಇಲ್ಲವೇ 5,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಹಳೆಯ ದಂಡ ಸಂಹಿತೆಯ 289ನೇ ಕಲಮಿನಲ್ಲಿ ಇದೇ ಅಪರಾಧಕ್ಕೆ ದಂಡ 1,000 ರೂಪಾಯಿ ಇತ್ತು. ಇಲ್ಲಿ ಮನುಷ್ಯರ ಹೆಸರೇ ಇದೆ, ನಾಯಿಯ ಹೆಸರಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಕಲಂ ಕಚ್ಚಿದ್ದನ್ನು ಕೇಳುವುದಿಲ್ಲ, ಕಚ್ಚಬಹುದಾಗಿದ್ದ ಅಪಾಯವನ್ನು ಕೇಳುತ್ತದೆ. ಮುರಿದ ಚಿಲಕದ ಗೇಟಿನಿಂದ ಹೊರಬಿದ್ದ ದೊಡ್ಡ ನಾಯಿಯೊಂದು, ಅರವತ್ತು ದಾಟಿದ ಮುದುಕನೊಬ್ಬನ ಕೈಗೆ ಸುತ್ತಿದ ಹಗ್ಗದ ತುದಿಯಲ್ಲಿರುವ ಜೀವವನ್ನು, ಅವನ ಕಾಲಿನಿಂದ ಒಂದು ಮೊಳ ದೂರದಲ್ಲಿ ಹರಿದು ಹಾಕುತ್ತಿದ್ದಾಗ, ಆ ಮುದುಕನಿಗೆ ಅಪಾಯವಿತ್ತೇ ಇಲ್ಲವೇ ಎಂಬುದು ತನಿಖೆಯಾಗಬೇಕಾದ ವಿಷಯ. ಅದು ಮೇಜಿನಾಚೆಯಿಂದ ಒಂದು ಪ್ರಶ್ನೆ ಕೇಳಿ ಮುಗಿಸುವಂಥದ್ದಲ್ಲ. ಈ ಅಪರಾಧ ಸಂಜ್ಞೇಯ, ಅಂದರೆ ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದದ್ದು, ಆದ್ದರಿಂದ ದೂರನ್ನು ದಾಖಲಿಸಿಕೊಳ್ಳುವುದು ಠಾಣೆಯವರ ಕರ್ತವ್ಯ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲೇ ಹೇಳಿದೆ.

ಎರಡನೆಯದು 325ನೇ ಕಲಂ. ಯಾವುದೇ ಪ್ರಾಣಿಯನ್ನು ಕೊಲ್ಲುವ, ಅದಕ್ಕೆ ವಿಷವಿಕ್ಕುವ, ಅಂಗ ಊನ ಮಾಡುವ, ನಿಷ್ಪ್ರಯೋಜಕಗೊಳಿಸುವ ಕೃತ್ಯಕ್ಕೆ ಇದರಲ್ಲಿ ಐದು ವರ್ಷದವರೆಗೆ ಸಜೆಯಿದೆ. ಹಿಂದಿನ 428 ಮತ್ತು 429ನೇ ಕಲಮುಗಳು ಪ್ರಾಣಿಯ ಬೆಲೆ ಹತ್ತು ರೂಪಾಯಿಯೇ ಐವತ್ತು ರೂಪಾಯಿಯೇ ಎಂದು ನೋಡಿ ಶಿಕ್ಷೆ ಅಳೆಯುತ್ತಿದ್ದವು, ಹೊಸ ಕಲಂ ಆ ಲೆಕ್ಕವನ್ನು ಬಿಟ್ಟುಬಿಟ್ಟಿದೆ. ಗಟಾರದಿಂದ ಎತ್ತಿ ತಂದ ನಾಯಿಗೂ ಲಕ್ಷ ಕೊಟ್ಟು ತಂದ ನಾಯಿಗೂ ಇಲ್ಲಿ ಒಂದೇ ತಕ್ಕಡಿ. ಆದರೆ ನ್ಯಾಯಾಲಯದ ಉಪ್ಪು ತಿಂದವನಾಗಿ ಪ್ರಾಮಾಣಿಕವಾಗಿ ಹೇಳಬೇಕು: ಈ ಕಲಂ ಬರೀ ನಿರ್ಲಕ್ಷ್ಯಕ್ಕೆ ಹೊಂದುವುದಿಲ್ಲ. ನಷ್ಟ ಮಾಡುವ ಉದ್ದೇಶವಿತ್ತು, ಅಥವಾ ನಷ್ಟವಾಗುವ ಸಂಭವ ಗೊತ್ತಿತ್ತು ಎಂಬುದನ್ನು ತೋರಿಸಬೇಕು. ನಾಯಿಯನ್ನು ಛೂ ಬಿಟ್ಟವರ ಮೇಲೆ ಇದನ್ನು ಹಾಕುವುದು ಸುಲಭ. ಚಿಲಕ ರಿಪೇರಿ ಮಾಡಿಸದವರ ಮೇಲೆ ಕಷ್ಟ.

ಆ “ಗೊತ್ತಿತ್ತು” ಎಂಬ ಒಂದು ಪದದಲ್ಲೇ ಇಡೀ ವ್ಯಾಜ್ಯ ಅಡಗಿದೆ. ಸಿವಿಲ್ ದಾವೆಯಲ್ಲೂ ಹೀಗೆಯೇ. ನಾಯಿ ಕಾನೂನಿನ ಕಣ್ಣಿಗೆ ಮಾಲೀಕನ ಚರಾಸ್ತಿ, ಅದಕ್ಕಾದ ಹಾನಿಗೆ ಮೂರು ವರ್ಷದೊಳಗೆ ಪರಿಹಾರದ ದಾವೆ ಹೂಡಬಹುದು. ಅಲ್ಲಿ ಪ್ರತಿವಾದಿ ತಕ್ಕ ಎಚ್ಚರ ವಹಿಸಲಿಲ್ಲವೆಂದು ಸಾಬೀತುಪಡಿಸಬೇಕು, ತನ್ನ ನಾಯಿ ಮೈಮೇಲೆ ಬೀಳುವ ಸ್ವಭಾವದ್ದೆಂದು ಅವನಿಗೆ ಮೊದಲೇ ತಿಳಿದಿತ್ತೆಂದು ತೋರಿಸಿದರೆ ದಾವೆ ಗಟ್ಟಿಯಾಗುತ್ತದೆ. ಆ ನಾಯಿ ಹಿಂದೆ ಎರಡು ಸಲ ಹೊರಬಿದ್ದು, ಒಮ್ಮೆ ಪೇಪರ್ ಹಾಕುವ ಹುಡುಗನ ಸೈಕಲ್ಲಿಗೆ ಬೆನ್ನು ಹತ್ತಿದ್ದನ್ನು ನಾನು ಕಂಡಿದ್ದೆ. ಎರಡೂ ಸಲ ಗೇಟಿನ ಬಗ್ಗೆ ನೆರೆಯವರಿಗೆ ಹೇಳಿದ್ದೆ, ಆದರೆ ಬಾಯಿಮಾತಿನಲ್ಲಿ. ಮೂವತ್ತೊಂದು ವರ್ಷ ಕಾಗದದ ನಡುವೆ ಬದುಕಿದವನು ಕಾಗದ ಮಾಡಬೇಕಾದ ಹೊತ್ತಿನಲ್ಲಿ ಸಂಕೋಚಪಟ್ಟೆ. ಪಕ್ಕದ ಮನೆಯವರು, ದಿನಾ ಮುಖ ನೋಡಬೇಕು ಎಂಬ ಸಂಕೋಚ. ಇಂದು ಅವರು “ನಮಗೇನು ಗೊತ್ತಿತ್ತು” ಎನ್ನುತ್ತಾರೆ, ನನ್ನ ಬಳಿ ಉತ್ತರಕ್ಕೆ ಚೀಟಿಯಿಲ್ಲ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯತ್ತ ತಿರುಗಿದರೆ ಅಲ್ಲಿಯೂ ಹೆಚ್ಚಿನದೇನೂ ಸಿಗುವುದಿಲ್ಲ. ಮೋಜಿಗಾಗಿ ಪ್ರಾಣಿಗಳನ್ನು ಕಾದಾಟಕ್ಕೆ ಎತ್ತಿಕಟ್ಟುವುದು ಅದರ 11ನೇ ಕಲಮಿನಲ್ಲಿ ಅಪರಾಧ. ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದೂ ಅಪರಾಧ. ಆದರೆ ಮೊದಲ ತಪ್ಪಿಗೆ ದಂಡ ಐವತ್ತು ರೂಪಾಯಿ ದಾಟುವಂತಿಲ್ಲ. ಅರವತ್ತು ವರ್ಷ ಹಿಂದೆ ಅದು ದೊಡ್ಡ ಮೊತ್ತವಾಗಿದ್ದೀತು. ಇಷ್ಟಾದರೂ ಸರಪಳಿಯ ಮಾತನ್ನು ಇಲ್ಲಿ ಬೇಕೆಂದೇ ಎತ್ತಿದ್ದೇನೆ. ಆ ನೆರೆಮನೆಯ ನಾಯಿಯನ್ನು ಏಪ್ರಿಲ್, ಮೇ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಎರಡು ಮಾರು ಸರಪಳಿಯಲ್ಲಿ ದಿನವಿಡೀ ಕಟ್ಟಿರುತ್ತಿದ್ದರು. ಹಾಗೆ ಕಟ್ಟಿಸಿಕೊಂಡ ಯಾವ ಜೀವವೂ ಬಿಟ್ಟಾಗ ಶಾಂತವಾಗಿರಲಾರದು. ಅದು ಕಚ್ಚಿದ್ದರಲ್ಲಿ ಆ ನಾಯಿಯ ತಪ್ಪು ಎಷ್ಟು, ಕಟ್ಟಿದವರ ತಪ್ಪು ಎಷ್ಟು ಎಂಬುದನ್ನು ತಾವೇ ತೂಗಬೇಕು.

ಇದು ಹೊಸ ಕಾಲದ, ಶಹರದವರ ತಕರಾರು ಎಂದು ಯಾರಾದರೂ ನಗುವುದಾದರೆ ಅವರಿಗೆ ನಮ್ಮ ಜಿಲ್ಲೆಯ ಮರತೂರನ್ನು ನೆನಪಿಸುತ್ತೇನೆ. ಆ ಊರಿನವನೆಂದು ನಾವೆಲ್ಲ ಹೆಮ್ಮೆಪಡುವ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದನು. ಪಿತ್ರಾರ್ಜಿತ ಆಸ್ತಿಯ ಪಾಲಿನ ಮಾತು ಬಂದಾಗ ವಕೀಲರು ಆ ಹೆಸರನ್ನು ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದೇ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಕೋರೆಹಲ್ಲಿನ ಮತ್ತು ಕೊಂಬಿನ ಪ್ರಾಣಿಗಳ ಒಡೆಯನಿಗೊಂದು ನಿಯಮವಿದೆ: ತನ್ನ ಪ್ರಾಣಿ ಮೇಲೆರಗಿದಾಗ ಬಿಡಿಸಲು ಶಕ್ತನಾಗಿದ್ದೂ ಬಿಡಿಸದ ಒಡೆಯನು ಪ್ರಥಮ ಸಾಹಸವೆಂಬ ದಂಡ ತೆರಬೇಕು, ಕೂಗಿಕೊಂಡ ಮೇಲೂ ಬಿಡಿಸದಿದ್ದರೆ ಅದರ ಇಮ್ಮಡಿ ತೆರಬೇಕು. ಪ್ರಾಣಿ ಕಚ್ಚಿತು, ತಿವಿಯಿತು ಎಂಬುದಕ್ಕಿಂತ ಒಡೆಯ ಎಲ್ಲಿ ನಿಂತಿದ್ದ, ಏನು ಮಾಡಿದ ಎಂಬುದನ್ನೇ ಅದು ಮೊದಲು ನೋಡುತ್ತದೆ. ಗ್ಯಾಲರಿಯಲ್ಲಿ ನಿಂತವರ ಬಾಯಲ್ಲಿದ್ದ ಬ್ರಷ್ ನನಗೆ ಮತ್ತೆ ಮತ್ತೆ ನೆನಪಾಗುವುದು ಈ ಕಾರಣಕ್ಕೇ.

ನನ್ನ ಕಡೆಯ ತಪ್ಪನ್ನೂ ಹುಡುಕಿ ನೋಡಿದ್ದೇನೆ. ಚಿನ್ನಿ ಹಗ್ಗವಿಲ್ಲದೆ ಅವರ ಅಂಗಳಕ್ಕೆ ನುಗ್ಗಿ ಕಚ್ಚಿಸಿಕೊಂಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ತನ್ನ ಮನೆ ಕಾಯುವ ನಾಯಿಯನ್ನು ಮನೆಯೊಳಗೆ ಹೋಗಿ ಕೆಣಕಿದವರು ಪರಿಹಾರ ಕೇಳಿದರೆ ನ್ಯಾಯಾಲಯವೂ ಒಪ್ಪಲಾರದು. ಎರಡೂ ನಾಯಿಗಳು ಬಿಚ್ಚಿಕೊಂಡು ರಸ್ತೆಯಲ್ಲಿ ಕಾದಾಡಿದ್ದರೆ ತಪ್ಪು ಇಬ್ಬರಿಗೂ ಹಂಚಿಕೆಯಾಗುತ್ತದೆ. ಇಲ್ಲಿ ಆದದ್ದು ಎರಡೂ ಅಲ್ಲ.

ಹಾಗೆಯೇ ಆ ನಾಯಿಗೆ ಶಿಕ್ಷೆಯಾಗಲಿ ಎಂದು ನಾನು ಬಯಸುವವನಲ್ಲ. ಘಟನೆಯಾದ ವಾರದಲ್ಲಿ ಪರಿಚಿತರೊಬ್ಬರು ನಮ್ಮ ಕಟ್ಟೆಯ ಮೇಲೆ ಕೂತು, “ಬಿಸ್ಕೀಟಿನ್ಯಾಗ ಏನರ ಹಚ್ಚಿ ಒಗದ್ರ ಮುಗೀತು” ಎಂದು ಸಲಹೆ ಕೊಟ್ಟರು. ಅದು ಮೇಲೆ ಹೇಳಿದ 325ನೇ ಕಲಮಿಗೆ ನೇರವಾಗಿ ಬೀಳುವ ಅಪರಾಧವೆಂದು ಅವರಿಗೆ ತಿಳಿಸಿ, ಚಹಾ ಕುಡಿಸಿ ಕಳಿಸಿದೆ. ತಳಿಯನ್ನೇ ನಿಷೇಧಿಸಬೇಕೆಂಬ ಮಾತಿಗೂ ನನ್ನ ಸಮ್ಮತಿಯಿಲ್ಲ. 23 ತಳಿಗಳನ್ನು ನಿಷೇಧಿಸಲು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ನಮ್ಮದೇ ಹೈಕೋರ್ಟ್ ಮರುತಿಂಗಳು, ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದೆಂದು ರದ್ದು ಮಾಡಿತು. ಊರನಾಯಿಯೂ ಕಚ್ಚುತ್ತದೆ. ಗೇಟಿನ ಚಿಲಕಕ್ಕೆ ತಳಿಯ ಭೇದವಿಲ್ಲ.

2025ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶಗಳಾದ ಮೇಲೆ ಪತ್ರಿಕೆ, ಟೀವಿ, ಕಚೇರಿಗಳಲ್ಲೆಲ್ಲ ಬೀದಿನಾಯಿಯದ್ದೇ ಚರ್ಚೆ. ಅದು ಬೇಕಾದ ಚರ್ಚೆಯೇ. ಆದರೆ ಬೀದಿನಾಯಿಗೆ ಮಾಲೀಕನಿಲ್ಲ, ಮನೆನಾಯಿಗೆ ಇದ್ದಾನೆ. ವಿಳಾಸವಿದೆ, ಬಾಗಿಲಿಗೆ ನೋಟಿಸು ಅಂಟಿಸಬಹುದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುನಾಯಿಯ ಲಸಿಕೆ, ಜಂತುನಾಶಕ ಮತ್ತು ಸಂತಾನಹರಣ ಚಿಕಿತ್ಸೆಯ ಹೊಣೆಯನ್ನು ಸ್ಪಷ್ಟವಾಗಿ ಮಾಲೀಕನ ಮೇಲೆ ಹೊರಿಸಿವೆ. ಹೊಣೆಯಿರುವಲ್ಲಿ ಕೇಳುವವರಿಲ್ಲ ಎಂಬುದಷ್ಟೇ ನನ್ನ ಸಂಕಟ.

ಆದಕಾರಣ ಮಾನ್ಯ ಜಿಲ್ಲಾಧಿಕಾರಿಗಳಲ್ಲಿ ನನ್ನ ಮೊದಲ ವಿನಂತಿ ಒಂದು ಕಾಗದಕ್ಕಾಗಿ. ಸಾಕುನಾಯಿಯಿಂದ ಇನ್ನೊಂದು ಸಾಕುಪ್ರಾಣಿಗೆ ಗಾಯವಾಯಿತೆಂದು ಯಾರಾದರೂ ಅರ್ಜಿ ತಂದರೆ, ಅದು ಠಾಣೆಯಾಗಲಿ ನಗರಾಡಳಿತದ ಕಚೇರಿಯಾಗಲಿ, ಅರ್ಜಿಯನ್ನು ಸ್ವೀಕರಿಸಿ, ಸ್ವೀಕೃತಿ ಕೊಟ್ಟು, ಪ್ರಕರಣವಾಗುವುದಿಲ್ಲವೆನಿಸಿದರೆ ಯಾಕಾಗುವುದಿಲ್ಲವೆಂದು ಹಿಂಬರಹ ಕೊಡಬೇಕೆಂದು ತಾವು ಸೂಚಿಸಬೇಕು. ಹಿಂಬರಹವಿದ್ದರೆ ಮೇಲಧಿಕಾರಿಯ ಬಳಿಗೆ ಹೋಗಬಹುದು, ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು; ಬರಿಗೈಯಲ್ಲಿ ಎಲ್ಲಿಗೂ ಹೋಗಲಾಗದು. ಅರ್ಜಿ ಬಂದ ಕೂಡಲೇ ಕಚ್ಚಿದ ನಾಯಿಯ ಮಾಲೀಕರಿಗೆ ಲಿಖಿತ ತಿಳಿವಳಿಕೆ ಪತ್ರವೊಂದು ಹೋಗಬೇಕು: ತಮ್ಮ ನಾಯಿ ಇಂಥ ದಿನ ಇಂಥಲ್ಲಿ ಹೀಗೆ ಮಾಡಿದೆ, ಗೇಟು ಭದ್ರಪಡಿಸಿ, ಹೊರಗೆ ಹಗ್ಗವಿಲ್ಲದೆ ತರಬೇಡಿ, ಲಸಿಕೆಯ ಚೀಟಿಯನ್ನು ಮೂರು ದಿನದೊಳಗೆ ಹಾಜರುಪಡಿಸಿ ಎಂದು. ಆ ಪತ್ರದ ಕಚೇರಿ ಪ್ರತಿ ಕಡತದಲ್ಲಿ ಉಳಿದರೆ, ಎರಡನೆಯ ಸಲ ಯಾರೂ “ನಮಗೇನು ಗೊತ್ತಿತ್ತು” ಎನ್ನಲಾರರು. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಹುದ್ದೆ ಬೇಡ, ಒಂದು ವಹಿ ಮತ್ತು ಒಂದು ಸೀಲು ಸಾಕು.

ಕಚ್ಚಿದ ನಾಯಿಯ ಮೇಲೆ ಹತ್ತು ದಿನ ಕಣ್ಣಿಡಬೇಕೆಂಬುದು ವೈದ್ಯರೆಲ್ಲ ಹೇಳುವ ಮಾತು. ಅದನ್ನು ಮಾಲೀಕರ ಮರ್ಜಿಗೆ ಬಿಡದೆ ಸರ್ಕಾರಿ ಪಶುವೈದ್ಯರು ಒಮ್ಮೆಯಾದರೂ ಹೋಗಿ ನೋಡಿ ಬರುವಂತಾಗಬೇಕು. ನಗರದ 55 ವಾರ್ಡುಗಳಲ್ಲಿ ಮನೆನಾಯಿಗಳ ನೋಂದಣಿಯನ್ನು ಲಸಿಕೆಯ ಚೀಟಿಯೊಂದಿಗೆ ಜೋಡಿಸಿದರೆ, ನನ್ನಂತೆ ಇನ್ನೊಬ್ಬರು ಸಂಜೆ ಹೊತ್ತಿನಲ್ಲಿ ನೆರೆಯವರ ಬಾಗಿಲು ಬಡಿದು ಚೀಟಿ ಬೇಡುವ ಪಾಡು ತಪ್ಪುತ್ತದೆ.

ಖರ್ಚಿನ ವಿಷಯಕ್ಕೆ ಕೋರ್ಟು ಹತ್ತಲು ಎಲ್ಲರಿಗೂ ಆಗುವುದಿಲ್ಲ. ಹನ್ನೊಂದು ಸಾವಿರದ ದಾವೆಗೆ ಎಷ್ಟು ವರ್ಷ, ಎಷ್ಟು ಮುದ್ದತು ಬೀಳುತ್ತವೆಂದು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಇಂಥವನ್ನು ದಾವೆ ಹೂಡುವ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್ತಿಗೆ ಒಯ್ಯಬಹುದು. ಅಲ್ಲಾಗುವ ರಾಜಿಗೆ ಡಿಕ್ರಿಯ, ಅಂದರೆ ಕೋರ್ಟಿನ ತೀರ್ಪಿನ ಬಲವಿದೆ, ಮೇಲ್ಮನವಿಯ ಕಾಟವಿಲ್ಲ. ಈ ದಾರಿಯಿದೆಯೆಂದು ಠಾಣೆಗಳಲ್ಲೂ ಪಶು ಆಸ್ಪತ್ರೆಗಳ ಗೋಡೆಗಳಲ್ಲೂ ಕನ್ನಡದಲ್ಲಿ, ಉರ್ದುವಿನಲ್ಲಿ ಬರೆಸಿ ಹಚ್ಚಿಸಬೇಕೆಂದು ಕೋರುತ್ತೇನೆ.

ನಾಯಿ ಸಾಕಿದವರಿಗೂ ಎರಡು ಮಾತು. ನಿಮ್ಮ ನಾಯಿಯನ್ನು ಇನ್ನೊಂದು ಕಚ್ಚಿದರೆ, ಸಿಟ್ಟಿಗೆ ಮೊದಲು ಸೋಪು ಮತ್ತು ನೀರು: ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಗಾಯ ತೊಳೆಯಿರಿ, ನಿಮ್ಮ ಕೈಗೆ ಗಾಯವಿದ್ದರೆ ಮುಚ್ಚಿಕೊಂಡು ತೊಳೆಯಿರಿ. ಗಾಯದ, ಗೇಟಿನ, ಹಗ್ಗದ ಫೋಟೊ ಅಂದೇ ತೆಗೆಯಿರಿ. ಕಂಡವರ ಹೆಸರು ಬರೆದಿಡಿ, ಪಶುವೈದ್ಯರಿಂದ ಗಾಯದ ವಿವರವನ್ನು ಲಿಖಿತವಾಗಿ ಪಡೆಯಿರಿ. ನಿಮ್ಮ ನಾಯಿಯೇ ಕಚ್ಚಿದ್ದರೆ, ಕೆಳಗಿಳಿದು ಬನ್ನಿ, ಚೀಟಿ ತೋರಿಸಿ, ಆಸ್ಪತ್ರೆಯ ಬಿಲ್ಲು ಕೇಳಿ. ನನ್ನ ನೆರೆಯವರು ಅಂದು ಅಷ್ಟು ಮಾಡಿದ್ದರೆ ನಾನು ಬಿಲ್ಲನ್ನು ಅರ್ಧವಾಗಿಯೂ ಕೇಳುತ್ತಿರಲಿಲ್ಲ.

ಮೂಲ ಅರ್ಜಿಯ ಪ್ರತಿ, ವೈದ್ಯರ ಚೀಟಿಗಳು, ಬಿಲ್ಲುಗಳು ಮತ್ತು ಗೇಟಿನ ಫೋಟೊವನ್ನು ತಮ್ಮ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ನಿನ್ನೆ ಬೆಳಿಗ್ಗೆ ನೋಡಿದಾಗಲೂ ಆ ಗೇಟಿಗೆ ಹಸಿರು ದಾರವೇ ಕಟ್ಟಿತ್ತು.

ಇಂತಿ ತಮ್ಮ ವಿಶ್ವಾಸಿ,
ಸೇಡಂ ರಸ್ತೆ ಕಡೆಯ ಒಬ್ಬ ನಿವೃತ್ತ ಶಿರಸ್ತೇದಾರ
ಕಲಬುರಗಿ